ಒಂದು ಬೋಕಿಯ ತೂಕ

ಕಾಲು ಕೀಳಬೇಡಿ. ನಿಂತಲ್ಲೇ ನಿಲ್ಲಿ. ಎಡಗಾಲಿನ ಅಡಿಯಲ್ಲಿ ಈಗಷ್ಟೇ ಏನೋ ಕರಕ್ಕೆಂದಿತಲ್ಲ, ಅದು ಕಲ್ಲಲ್ಲ.

ಬೆಳಗಿನ ಹೊತ್ತು. ಬಿಸಿಲು ಇನ್ನೂ ಗುಡ್ಡದ ಆಚೆಗಿದೆ. ನಿಮ್ಮ ಬೆನ್ನಿಗೆ ಕುರೆಕುಪ್ಪ, ಅದರ ಮಗ್ಗುಲಲ್ಲೇ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ. ರಾತ್ರಿಯೆಲ್ಲ ಮೋಡದ ಹೊಟ್ಟೆಯನ್ನು ಕೆಂಪಾಗಿಸಿದ ಕುಲುಮೆಗಳ ಗುಡುಗು ಇನ್ನೂ ಕಿವಿಯಲ್ಲಿದೆ. ಹೆದ್ದಾರಿಯಲ್ಲಿ ಅದಿರಿನ ಲಾರಿಗಳು ಒಂದರ ಹಿಂದೊಂದು ಹೋಗುತ್ತಿವೆ. ಬಾಯಿ ಎಷ್ಟೇ ಬಿಗಿಹಿಡಿದರೂ ಕೆಂಧೂಳು ಹಲ್ಲಿನ ನಡುವೆ ಸೇರುತ್ತದೆ, ನಾಲಗೆಗೆ ಕಬ್ಬಿಣದ ಒಗರು ಹತ್ತುತ್ತದೆ. ನೀವು ಬಂದಿರುವುದು ತೋರಣಗಲ್ಲಿಗೂ ಕುಡತಿನಿಗೂ ನಡುವಣ ಕಣಿವೆಗೆ. ಊರವರು ಬೂದಿಕನಮ ಅನ್ನುತ್ತಾರೆ.

ಮೊಣಕಾಲೂರಿ. ಬೊಗಸೆಯಲ್ಲಿ ಮಣ್ಣು ಎತ್ತಿ ನೋಡಿ. ಹಗುರ, ಬೂದು ಬಣ್ಣ, ಬೆರಳ ಸಂದಿಯಿಂದ ಹಿಟ್ಟಾಗಿ ಸೋರಿಹೋಗುತ್ತದೆ. ಅದರ ನಡುವೆ ಗಾಜಿನ ಹೊಳಪಿನ, ಮೈತುಂಬ ಗುಳ್ಳೆಯೆದ್ದ ಗಟ್ಟಿ ಉಂಡೆಗಳು ಅಂಗೈಗೆ ಚುಚ್ಚುತ್ತವೆ. ಇಂಥ ಬೂದಿದಿಬ್ಬಗಳನ್ನು ಕಂಡ ಕ್ಯಾಪ್ಟನ್ ನ್ಯೂಬೋಲ್ಡ್ ಬೆರಗಾಗಿ 1843ರಲ್ಲಿ ಬರೆದು ಪ್ರಕಟಿಸಿದ. ರಾಕ್ಷಸರನ್ನು ಸುಟ್ಟ ಬೂದಿ ಇದು ಎಂದು ಜನ ಹೇಳುತ್ತಿದ್ದರು. ಹಂಪಿಯ ಬಳಿ ನಿಂಬಾಪುರದಲ್ಲಿ ಇಂಥದೇ ದಿಬ್ಬವನ್ನು ಇಂದಿಗೂ ವಾಲಿಯ ಚಿತೆಯ ಬೂದಿ ಎನ್ನುತ್ತಾರೆ. ನಿಮ್ಮ ಬೊಗಸೆಯಲ್ಲಿರುವುದು ಸಗಣಿಯ ಬೂದಿ. ಲೋಹ ಇನ್ನೂ ಕೈಗೆ ಬಾರದ ಕಾಲದಲ್ಲಿ, ನುಣ್ಣಗೆ ಉಜ್ಜಿದ ಕಲ್ಲುಕೊಡಲಿ ಹಿಡಿದು ದನ ಸಾಕಿದ ಜನ ತಲೆಮಾರುಗಟ್ಟಲೆ ಸಗಣಿಯನ್ನು ಒಟ್ಟಿ, ಒಟ್ಟಿದ್ದಕ್ಕೆ ಬೆಂಕಿಯಿಟ್ಟು, ಅದರ ಮೇಲೆ ಮತ್ತೆ ಒಟ್ಟಿ ಬೆಳೆಸಿದ ದಿಬ್ಬ. ಉರಿ ಎಷ್ಟು ಜೋರಾಗಿತ್ತೆಂದರೆ ಕೆಲವೆಡೆ ಬೂದಿಯೇ ಕರಗಿ ಗಾಜಾಯಿತು. 1957ರಲ್ಲಿ ರೇಮಂಡ್ ಆಲ್ಚಿನ್ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಇಂಥ ದಿಬ್ಬ ಅಗೆದಾಗ ದೊಡ್ಡಿಯ ಗೂಟಗಳ ಕುಳಿಗಳು ಸಿಕ್ಕವು, ದನದ ಗೊರಸಿನ ಅಚ್ಚುಗಳೂ ಸಿಕ್ಕವು.

ಈಗ ಎಡಗಾಲನ್ನು ನಿಧಾನ ಎತ್ತಿ.

ಮೂರು ಬೆರಳಗಲದ ಒಂದು ಮಡಕೆ ಚೂರು. ಬೋಕಿ. ಚಿಕ್ಕಂದಿನಲ್ಲಿ ಒಂದರ ಮೇಲೊಂದು ಪೇರಿಸಿ ಚೆಂಡಿನಿಂದ ಹೊಡೆದು ಉರುಳಿಸಿದ್ದೀರಲ್ಲ, ಅದೇ. ಕೈ ತಾನಾಗಿ ಮುಂದೆ ಹೋಗುತ್ತಿದೆ. ತಡೆಯಿರಿ. ಎತ್ತಿ ಕಿಸೆಗೆ ಹಾಕಿಕೊಂಡರೆ ಅದು ನಿಮ್ಮ ಮನೆಯ ಷೋಕೇಸಿನಲ್ಲಿ ಒಂದು ವರ್ಷ ಕೂತು ಆಮೇಲೆ ಕಸಕ್ಕೆ ಹೋಗುತ್ತದೆ. ಬಿಟ್ಟರೆ ನಾಳೆ ಮೇಕೆಯ ಕಾಲಿಗೆ ಸಿಕ್ಕಿ ಇನ್ನೆರಡು ಚೂರಾದೀತು. ಆದರೂ ಬಿಡಿ. ಯಾವ ಜಾಗದಲ್ಲಿ, ಯಾವ ಬೂದಿಯ ಪದರದ ಪಕ್ಕದಲ್ಲಿ, ಇನ್ನಾವ ಚೂರುಗಳ ಜೊತೆ ಬಿದ್ದಿದೆ ಅನ್ನುವುದೇ ಅದರ ಮುಕ್ಕಾಲು ಪಾಲು ಮಾತು. ಈ ಬಳ್ಳಾರಿ ಜಿಲ್ಲೆಯ ಕಲ್ಲುಗುಡ್ಡಗಳನ್ನೆಲ್ಲ ಸುತ್ತಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಕಲ್ಲುಕೊಡಲಿಗಳ ಜೊತೆ ಬೋಕಿಗಳನ್ನೂ ಜತನದಿಂದ ಕೂಡಿಸಿದ. ಯಾವ ಚೂರು ಯಾವ ಊರಿನದು ಎಂದು ಬರೆದಿಟ್ಟ. 1904ರಲ್ಲಿ ಆ ಸಂಗ್ರಹ ಮದರಾಸಿನ ಮ್ಯೂಸಿಯಂ ಸೇರಿತು. ಊರಿನ ಹೆಸರು ಬರೆಯದೆ ಇದ್ದಿದ್ದರೆ ಅಲ್ಲಿರುವುದು ಬರೀ ಒಡಕು ಮಣ್ಣಾಗುತ್ತಿತ್ತು.

ಮುಟ್ಟದೆ ಬಗ್ಗಿ ನೋಡಿ, ಉಸಿರು ತಾಗುವಷ್ಟು ಹತ್ತಿರದಿಂದ. ಹೊರಮೈ ಬೂದು, ಸಣ್ಣ ಹೊಳಪು. ಒಡೆದ ಅಂಚಿನಲ್ಲಿ ನಡುವೆ ಕಪ್ಪು ಗೆರೆ. ಒಳಗೆ ಬಿಳಿ ಹರಳಿನ ಕಣಗಳು. ತಿಗುರಿಯ ಮೇಲೆ ತಿರುಗಿದ ಮಡಕೆಗೆ ಒಳಗಡೆ ಸಮನಾದ ಸಣ್ಣ ಗೆರೆಗಳಿರುತ್ತವೆ, ಇದಕ್ಕಿಲ್ಲ. ದಪ್ಪ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ. ಬರಿಗೈಯಲ್ಲಿ ಕಟ್ಟಿದ ಗಡಿಗೆ. ಕಟ್ಟಿದವರ ಬೆರಳು ಎಲ್ಲಿ ಒತ್ತಿತು, ಎಲ್ಲಿ ಸಡಿಲಿತು ಅನ್ನುವುದು ಈ ಏರಿಳಿತದಲ್ಲಿದೆ.

ಆ ಬೆರಳುಗಳನ್ನು ಈಗ ನಿಮಗೆ ಕೊಡುತ್ತೇನೆ. ಕಣ್ಣು ಮುಚ್ಚಿ. ಲಾರಿಗಳ ಸದ್ದು ಅಡಗಲಿ, ಕುಲುಮೆ ಆರಲಿ. ಮೂರೂವರೆ ಸಾವಿರ ವರ್ಷಕ್ಕೂ ಹಿಂದೆ ಹೋಗೋಣ.

ಮೊದಲು ಕಿವಿಗೆ ಬರುವುದು ದನಗಳ ಸದ್ದು. ಉಸಿರು, ಗೊರಸು, ಬಾಲ ಬೀಸುವ ಚಟಚಟ. ಸಗಣಿ, ಗಂಜಲ, ಹೊಗೆ ಸೇರಿದ ಗಾಳಿ ಗಂಟಲಿಗೆ ಕೂರುತ್ತದೆ. ಮೀನಖಂಡದವರೆಗೆ ಹಳ್ಳದ ಮಣ್ಣು ಮೆತ್ತಿಕೊಂಡಿದೆ, ತಣ್ಣಗಿದೆ. ತುಳಿಯುತ್ತಿದ್ದೀರಿ. ಹಿಮ್ಮಡಿಗೆ ಒಂದು ಹರಳು ಚುಚ್ಚುತ್ತದೆ, ಬಗ್ಗಿ ಆಯ್ದು ಎಸೆಯುತ್ತೀರಿ. ಬಿಟ್ಟರೆ ಬೆಂಕಿಯಲ್ಲಿ ಅದೇ ಗಡಿಗೆಯನ್ನು ಸೀಳುತ್ತದೆ. ಜೋಳದ ರೊಟ್ಟಿಯ ಹಿಟ್ಟಿನ ಹದಕ್ಕೆ ಮಣ್ಣು ಬಂದಿದೆ. ಇನ್ನು ಮರಳು ಎಷ್ಟು ಬೆರೆಸಬೇಕು? ಕಡಿಮೆಯಾದರೆ ಒಣಗುವಾಗ ಬಿರಿಯುತ್ತದೆ. ಹೆಚ್ಚಾದರೆ ಬಾಯಂಚು ಕೈಯಲ್ಲೇ ಉದುರುತ್ತದೆ. ಅಳತೆಯ ಪಾತ್ರೆ ನಿಮ್ಮ ಬಳಿ ಇಲ್ಲ. ಚಿಟಿಕೆ ಮಣ್ಣು ಹಲ್ಲಿನ ನಡುವೆ ಇಟ್ಟು ಕಚ್ಚಿ ನೋಡುತ್ತೀರಿ. ಇನ್ನೊಂದು ಹಿಡಿ ಮರಳು. ಮತ್ತೆ ತುಳಿತ.

ಮಣ್ಣನ್ನು ಹೊಸೆದು ಸುರುಳಿ ಮಾಡಿ ಸುತ್ತಿ ಸುತ್ತಿ ಏರಿಸುತ್ತೀರಿ. ಎರಡು ಸುರುಳಿ ಕೂಡುವ ಕಡೆ ಹೆಬ್ಬೆರಳಿನಿಂದ ಒತ್ತಿ ಸವರಬೇಕು, ಅಲ್ಲಿ ಗಾಳಿ ಉಳಿಯಕೂಡದು. ಗಡಿಗೆ ತಾನಾಗಿ ತಿರುಗುವುದಿಲ್ಲ. ನೀವೇ ಸುತ್ತ ಸರಿಯಬೇಕು, ಇಲ್ಲವೇ ಅದನ್ನು ಒಂದಿಷ್ಟಿಷ್ಟೇ ತಿರುಗಿಸಬೇಕು. ಸೊಂಟ ನೋಯುತ್ತದೆ. ನೆರಳಲ್ಲಿ ಅರೆಬರೆ ಒಣಗಿದ ಮೇಲೆ ಹಳ್ಳದ ನುಣುಪುಗಲ್ಲು ತೆಗೆದುಕೊಂಡು ಮೈಯೆಲ್ಲ ಉಜ್ಜಬೇಕು. ಒಂದು ಹೊತ್ತು ಮುಂಚೆ ಉಜ್ಜಿದರೆ ಕಲ್ಲು ಹಸಿಮಣ್ಣಿನಲ್ಲಿ ಹೂತು ಗೀರು ಬೀಳುತ್ತದೆ, ತಡವಾದರೆ ಹೊಳಪು ಏರುವುದಿಲ್ಲ. ಮಣಿಕಟ್ಟು ಮರಗಟ್ಟುವವರೆಗೆ ಉಜ್ಜುತ್ತೀರಿ. ಮಣ್ಣಿನ ಕಣಗಳು ಒತ್ತೊತ್ತಾಗಿ ಮಲಗುತ್ತವೆ, ನೀರು ಜಿನುಗುವುದು ಕಡಿಮೆಯಾಗುತ್ತದೆ, ಮೈ ಮಿಂಚುತ್ತದೆ. ಈಗ ತಾನೇ ಬೂದಿಯಲ್ಲಿ ನೋಡಿದಿರಲ್ಲ, ಆ ಸಣ್ಣ ಹೊಳಪು ಇದೇ ಮಣಿಕಟ್ಟಿನ ನೋವು.

ಬೆಂಕಿಯ ದಿನ ಬಂತು.

ಕುಳ್ಳು ಹಾಸಿದ್ದೀರಿ. ಅದರ ಮೇಲೆ ಗಡಿಗೆಗಳು, ಅವುಗಳ ಮೇಲೆ ಮತ್ತೆ ಕುಳ್ಳು, ಒಣಹುಲ್ಲು. ಗೋಡೆಯಿಲ್ಲ, ಛಾವಣಿಯಿಲ್ಲ, ಬಯಲ ಆವಿಗೆ. ಗಾಳಿ ನಿಂತಿದೆ. ಕಾಯಬೇಕೇ, ಹಚ್ಚಬೇಕೇ? ಸಂಜೆಯವರೆಗೆ ಕಾದರೆ ಗುಡ್ಡದಿಂದ ಗಾಳಿ ಇಳಿದುಬರುತ್ತದೆ. ಹಚ್ಚುತ್ತೀರಿ. ಮೊದಲು ಸಣ್ಣ ಉರಿ, ಬರೀ ಹೊಗೆ. ಗಡಿಗೆಯ ಗೋಡೆಯೊಳಗೆ ಉಳಿದ ನೀರು ಆವಿಯಾಗಿ ಮೆಲ್ಲಗೆ ಹೊರಬರಬೇಕು, ಅವಸರ ಮಾಡಿದರೆ ಸಿಡಿಯುತ್ತದೆ. ಕುಕ್ಕರಗಾಲಲ್ಲಿ ಕೂತು ಕಿವಿಗೊಡುತ್ತೀರಿ. ಚಟ್. ಅದು ಹುಲ್ಲಿನ ಗಿಣ್ಣು. ಚಟ್, ಚಟ್. ಹುಲ್ಲೇ.

ಟಪ್.

ಇದು ಹುಲ್ಲಲ್ಲ. ಹೊಟ್ಟೆಯೊಳಗೆ ಏನೋ ಜಾರುತ್ತದೆ. ಒಂದು ಹೋಯಿತು. ಯಾವುದು? ನೋಡುವಂತಿಲ್ಲ. ಕುಳ್ಳು ಸರಿಸಿದರೆ ತಣ್ಣನೆ ಗಾಳಿ ನುಗ್ಗಿ ಉಳಿದವೂ ಬಿರಿಯುತ್ತವೆ. ಅಷ್ಟರಲ್ಲಿ ಗಾಳಿ ಎದ್ದಿದೆ, ಸಂಜೆಗೆ ಮೊದಲೇ. ಉರಿ ಒಂದೇ ಮಗ್ಗುಲಿಗೆ ಮಲಗುತ್ತದೆ. ಆ ಕಡೆ ಕುಳ್ಳು ಬಿಳಿಯಾಗಿ ಕುಸಿಯಿತು. ಒಂದು ಗಡಿಗೆಯ ಭುಜ ಹೊರಗೆ ಕಂಡಿತು, ಮಬ್ಬುಗೆಂಪು. ಓಡುತ್ತೀರಿ. ಕುಳ್ಳು ತಬ್ಬಿ ತರುತ್ತೀರಿ. ಮುಖದ ಚರ್ಮ ಬಿಗಿಯುತ್ತದೆ. ಹುಬ್ಬು ಸೀದ ವಾಸನೆ. ಇನ್ನೂ ಹತ್ತಿರ ಹೋಗಬೇಕು. ಕೈ ಚಾಚಿ. ಎಸೆಯಿರಿ. ಇನ್ನೊಂದು. ಇನ್ನೊಂದು. ಬೂದಿ ಬಾಚಿ ಮೇಲೆ ಸುರಿಯಿರಿ. ಬಾಯಿ ಮುಚ್ಚಿತು. ದಟ್ಟ ಹೊಗೆ ಕವಿಯಿತು. ಕಣ್ಣು ತೆರೆಯಲಾರಿರಿ.

ಆ ಹೊಗೆಯೇ ಬೋಕಿಗೆ ಬೂದು ಬಣ್ಣ ಕೊಟ್ಟಿತು. ಮಣ್ಣಿನಲ್ಲಿ ಕಬ್ಬಿಣವಿದೆ, ಸಂಡೂರು ಸೀಮೆಯ ಮಣ್ಣಿಗೆ ಅದೇನು ಹೊಸದಲ್ಲ. ಗಾಳಿ ಸಿಕ್ಕಿದ್ದರೆ ಅದು ಕೆಂಪಾಗುತ್ತಿತ್ತು. ಗಾಳಿ ಕಟ್ಟಿದ್ದಕ್ಕೆ, ಹೊಗೆಯ ಮಸಿ ಗೋಡೆಯೊಳಗೆ ಹೊಕ್ಕದ್ದಕ್ಕೆ ಕಪ್ಪು, ಬೂದು. 573 ಡಿಗ್ರಿಯ ಹತ್ತಿರ ಮರಳಿನ ಬೆಣಚುಕಲ್ಲು ತಟಕ್ಕನೆ ಹಿಗ್ಗುತ್ತದೆ, ಆರುವಾಗ ಅಲ್ಲೇ ತಟಕ್ಕನೆ ಕುಗ್ಗುತ್ತದೆ. ಬಿರಿಯುವ ಗಡಿಗೆಗೆ ಅದೊಂದು ಗಂಡಾಂತರದ ಘಟ್ಟ. ದಾಟಿ ಉಳಿದದ್ದು ಇನ್ನು ನೀರಿಗೆ ಕರಗುವ ಮಣ್ಣಲ್ಲ. ಬೆಳಿಗ್ಗೆ ಬೂದಿ ಕೆದಕಿ ಒಂದೊಂದನ್ನೂ ಬೆರಳಗೆಣ್ಣಿನಿಂದ ತಟ್ಟುತ್ತೀರಿ. ಠಣ್. ಠಣ್. ಬೊದ್. ಮೂರನೆಯದನ್ನು ಅತ್ತ ಇಡುತ್ತೀರಿ.

ಉಳಿದ ಗಡಿಗೆಯಲ್ಲಿ ಗಂಜಿ ಕುದಿಯುತ್ತದೆ. ಹುರುಳಿ, ಹೆಸರು, ಕೊರಲೆ. ಇದು ನಾನು ಹಸಿವಿಗೆ ಕಟ್ಟಿದ ಕಥೆಯಲ್ಲ. ಸಂಗನಕಲ್ಲು, ತೆಕ್ಕಲಕೋಟೆಯಂಥ ನೆಲೆಗಳ ಮಣ್ಣನ್ನು ನೀರಿಗೆ ಹಾಕಿ, ತೇಲಿಬಂದ ಕರಕಲು ಕಾಳುಗಳನ್ನು ಬಟ್ಟೆಯಲ್ಲಿ ಸೋಸಿ, ಸೂಕ್ಷ್ಮದರ್ಶಕದಡಿ ಗುರುತಿಸಿದ ಡೋರಿಯನ್ ಫುಲ್ಲರ್ ಕಂಡದ್ದು. ಆಮೇಲಿನ ಕಾಲದಲ್ಲಿ ಗೋಧಿ, ಜವೆಗೋಧಿಯೂ ಬಂದವು. ಹೊಸ ಕಾಳು ಬಂದಾಗ ಗಡಿಗೆಯ ಆಕಾರವೂ ಬದಲಾಗುತ್ತದೆ, ಆದ್ದರಿಂದ ಕಾಳನ್ನೂ ಬೋಕಿಯನ್ನೂ ಜೊತೆಗಿಟ್ಟು ಓದಬೇಕೆಂದು ಅವರು 2005ರಲ್ಲಿ ಬರೆದರು. ನನಗೆ ಅದು ಬಹಳ ಸರಿಯೆನಿಸುತ್ತದೆ. ಅಡುಗೆ ಬದಲಾಗದೆ ಪಾತ್ರೆ ಯಾರು ಬದಲಿಸುತ್ತಾರೆ?

ಕಣ್ಣು ತೆರೆಯಿರಿ. ಈಗ ನಿಮ್ಮನ್ನು ಅಗೆತದ ಗುಂಡಿಗೆ ಇಳಿಸಬೇಕು. ಈ ಗುಂಡಿಯನ್ನು ಯಾವ ವರದಿಯಲ್ಲೂ ಹುಡುಕಬೇಡಿ. ಬ್ರಹ್ಮಗಿರಿಯಲ್ಲಿ, ತೆಕ್ಕಲಕೋಟೆಯಲ್ಲಿ ನಿಜವಾಗಿ ಕಂಡದ್ದನ್ನು ಕೂಡಿಸಿ ನಿಮಗಾಗಿ ಅಗೆದದ್ದು.

ಐದು ಮೀಟರಿಗೆ ಐದು ಮೀಟರು. ನಾಲ್ಕು ಮೂಲೆಗೆ ಮೊಳೆ, ಮೊಳೆಯಿಂದ ಮೊಳೆಗೆ ದಾರ. ಎದೆಯಾಳಕ್ಕೆ ಇಳಿದಿದ್ದೀರಿ. ಮಧ್ಯಾಹ್ನದ ಸೆಕೆ ಗುಂಡಿಯೊಳಗೆ ಕಟ್ಟಿಕೊಂಡಿದೆ, ಬೆವರು ಕಣ್ಣಿಗೆ ಇಳಿದು ಉರಿಯುತ್ತದೆ. ಕರಣೆಯ ತುದಿಯಲ್ಲಿ ಮಣ್ಣು ಹೆರೆಯುತ್ತಿದ್ದೀರಿ. ಗಟ್ಟಿ ಬಡಿದ ನೆಲ, ಮನೆಯ ನೆಲ. ಅದರಲ್ಲೊಂದು ಕಡೆ ಮಣ್ಣು ಮೆತ್ತಗಿದೆ, ಬಣ್ಣ ಬೇರೆ. ದುಂಡಗೆ. ಕರಣೆ ಟಿಕ್ ಅಂದಿತು.

"ನಿಲ್ರಿ! ಕೈ ತಗೀರಿ," ಅನ್ನುತ್ತಾಳೆ ಜರಡಿ ಹಿಡಿದ ಅಕ್ಕ ಮೇಲಿನಿಂದ. ನೀವು ಕಾಣುವ ಮೊದಲೇ ಆಕೆಯ ಕಿವಿ ಕಂಡಿದೆ. "ಗಡಿಗಿ ಬಾಯಿ ಐತಿ ಅಲ್ಲಿ. ಕಬ್ಬಿಣ ಬ್ಯಾಡ, ಬಿದಿರು ಕಡ್ಡಿ ತಗೊಳ್ರಿ."

ಬಿದಿರು ಕಡ್ಡಿ, ಬ್ರಷ್ಷು. ಉಸಿರಿನಿಂದಲೂ ಧೂಳು ಹಾರೀತೆಂಬ ಭಯ. ಬಾಯಂಚು ಅರ್ಧಚಂದ್ರವಾಗಿ ಏಳುತ್ತದೆ, ಆಮೇಲೆ ಪೂರ್ತಿ ದುಂಡು. ಅದರ ಬಾಯಿಗೆ ಇನ್ನೊಂದು ಬಟ್ಟಲು ಬೋರಲು. ಮನೆಯ ನೆಲದಡಿ ಹೂತು, ಬಾಯಿ ಮುಚ್ಚಿದ ಹರವಿ. ಒಳಗೆ ಏನಿದೆ ಎಂದು ನಿಮಗೂ ಗೊತ್ತು, ಅಕ್ಕನಿಗೂ ಗೊತ್ತು. ಆಕೆ ಸೆರಗನ್ನು ತಲೆಗೆ ಎಳೆದುಕೊಳ್ಳುತ್ತಾಳೆ. ಈ ಜನ ಸತ್ತ ಹಸುಗೂಸುಗಳನ್ನು ಮನೆಯೊಳಗೇ, ಗಡಿಗೆಯಲ್ಲಿಟ್ಟು ಹೂಳುತ್ತಿದ್ದರು.

ಆಗ ಮಣ್ಣಿನ ವಾಸನೆ ಬಂತು. ನಿಮ್ಮ ಗುಂಡಿಯದಲ್ಲ, ದೂರದ ನೆನೆದ ಮಣ್ಣಿನದು. ತಲೆಯೆತ್ತಿ. ಪಡುವಣ ಗುಡ್ಡದ ಮೇಲೆ ಕಪ್ಪು ಮೋಡ. ಅಡ್ಡಮಳೆ.

ಏನು ಮಾಡುತ್ತೀರಿ? ಈಗಲೇ ಎತ್ತಬಹುದು. ಆದರೆ ಫೋಟೊ ಆಗಿಲ್ಲ, ಗ್ರಾಫ್ ಹಾಳೆಯ ಮೇಲೆ ನಕ್ಷೆ ಇಳಿದಿಲ್ಲ, ಆಳದ ಅಳತೆ ಬರೆದಿಲ್ಲ. ಎತ್ತಿದ ಮೇಲೆ ಅದು ಇದ್ದ ರೀತಿ ಲೋಕದಲ್ಲಿ ಇನ್ನೆಲ್ಲೂ ಇರುವುದಿಲ್ಲ. ಬಿಡಬಹುದು. ಆದರೆ ಮೂರೂವರೆ ಸಾವಿರ ವರ್ಷ ಮಣ್ಣೇ ಹಿಡಿದು ನಿಲ್ಲಿಸಿದ ಬಿರುಕಿನ ಗಡಿಗೆ ಇದು. ಈಗ ಮಣ್ಣಿನ ಹಿಡಿತ ಬಿಡಿಸಿದ್ದೀರಿ. ಒಂದು ನೀರಿನ ಧಾರೆ ಸಾಕು.

ಗುಡುಗಿತು. ಅಳತೆಪಟ್ಟಿ ಇಡಿ. ಉತ್ತರದ ಬಾಣ ಇಡಿ. ಫೋಟೊ. ಇನ್ನೊಂದು ಕಡೆಯಿಂದ ಫೋಟೊ. ದಾರದಿಂದ ಎಷ್ಟು? ಎಂಬತ್ತೆರಡು. ಜೋರಾಗಿ ಹೇಳಿ, ಗಾಳಿ ಮಾತನ್ನು ಒಯ್ಯುತ್ತಿದೆ. ಎಂಬತ್ತೆರಡು! ಬರೆದಾಯಿತೇ? ಮೊದಲ ಹನಿ ಕುತ್ತಿಗೆಗೆ ಬಿತ್ತು. ಎರಡನೆಯದು ಹರವಿಯ ಭುಜದ ಮೇಲೆ, ಬೂದು ಮೈಯಲ್ಲಿ ಕಪ್ಪು ಚುಕ್ಕೆ. ತಾಡಪಾಲು ಎಳೆಯಿರಿ. ಆ ಮೂಲೆ! ಕಲ್ಲು ಹೇರಿ! ನೀವು ಗುಂಡಿಯೊಳಗೇ ಉಳಿದಿರಿ, ತಾಡಪಾಲಿನಡಿ, ಹರವಿಯ ಪಕ್ಕ ಮಂಡಿಯೂರಿ. ಸುತ್ತ ಒದ್ದೆ ಬಟ್ಟೆಯ ಪಟ್ಟಿ ಸುತ್ತುತ್ತಿದ್ದೀರಿ, ಸುತ್ತಲಿನ ಮಣ್ಣಿನ ಸಮೇತ. ಮೇಲೆ ಮಳೆ ಡಬಡಬ ಬಡಿಯುತ್ತಿದೆ. ಎರಡೂ ಕೈ ಅದನ್ನು ತಬ್ಬಿವೆ. ಎಷ್ಟು ಸಣ್ಣದು ಅದು.

ಮಳೆ ನಿಂತ ಮೇಲೆ ಇಡೀ ಮಣ್ಣಿನ ಹೆಂಟೆಯೊಂದಿಗೆ ನಾಲ್ವರು ಸೇರಿ ಹಲಗೆಯ ಮೇಲೆ ಎತ್ತುತ್ತೀರಿ. ಬಾಯಿ ಅಲ್ಲಿ ತೆರೆಯುವುದಿಲ್ಲ. ಅದು ಪ್ರಯೋಗಾಲಯದ ಕೆಲಸ.

ಅಲ್ಲಿ ಇನ್ನೊಂದು ಆಯ್ಕೆ ಕಾದಿರುತ್ತದೆ. ಬೋಕಿಗಳನ್ನು ಬಕೆಟ್ಟಿನ ನೀರಲ್ಲಿ ತೊಳೆದು ನೆರಳಲ್ಲಿ ಹರಡಿ ಒಣಗಿಸುವುದು ಹಳೆಯ ರೂಢಿ. ತೊಳೆದರೆ ಲೇಪ ಕಾಣುತ್ತದೆ, ಸುಟ್ಟಮೇಲೆ ಬಳಿದ ಕಾವಿಯ ಪಟ್ಟಿಯಾದರೆ ನೀರಿನ ಜೊತೆ ಹೊರಟೇಹೋಗಬಹುದು. ಗೋಡೆಯ ಸೂಕ್ಷ್ಮ ರಂಧ್ರಗಳಲ್ಲಿ ಕುದಿದ ಊಟದ ಜಿಡ್ಡು ಉಳಿದಿರುತ್ತದೆ, ಅದನ್ನು ಪರೀಕ್ಷಿಸಬೇಕಾದರೆ ಬ್ರಷ್ಷು ಮುಟ್ಟಿಸುವಂತಿಲ್ಲ, ಬೆರಳೂ ತಾಗಿಸುವಂತಿಲ್ಲ. ಮುಂದಿರುವ ಈ ಚೂರು ಬಕೆಟ್ಟಿಗೋ ಪೊಟ್ಟಣಕ್ಕೋ? ಒಮ್ಮೆ ತೊಳೆದ ಮೇಲೆ ತೊಳೆಯದ್ದಾಗಿಸಲು ಬಾರದು.

ಇಷ್ಟೆಲ್ಲ ಒಂದು ಚೂರಿಗೆ ಏಕೆ ಎಂದು ನೀವು ಕೇಳುವುದಾದರೆ, 1947ರ ಬ್ರಹ್ಮಗಿರಿಗೆ ಬನ್ನಿ. ಅಲ್ಲಿ ಅಗೆಯುತ್ತಿದ್ದ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಕೈಯಲ್ಲಿದ್ದ ಗಡಿಯಾರ ಬೋಕಿಯೊಂದೇ. ಎರಡು ವರ್ಷ ಮೊದಲು ಪುದುಚೇರಿಯ ಬಳಿ ಅರಿಕಮೇಡುವಿನಲ್ಲಿ ಇಟಲಿಯಿಂದ ಬಂದ ಪಾತ್ರೆಗಳ ಜೊತೆ ಸಿಕ್ಕ, ಒಳಗೆ ಸಾಲುಗೀರಿನ ಅಲಂಕಾರವಿದ್ದ ತಟ್ಟೆಗಳ ಚೂರು ಬ್ರಹ್ಮಗಿರಿಯ ಮೇಲಿನ ಪದರದಲ್ಲೂ ಸಿಕ್ಕಿತು. ಇಟಲಿಯ ಪಾತ್ರೆಯ ಕಾಲ ಗೊತ್ತಿತ್ತು, ಹೀಗಾಗಿ ಆ ಪದರದ ಕಾಲ ಗೊತ್ತಾಯಿತು. ಅದರ ಕೆಳಗೆ ಕಪ್ಪು-ಕೆಂಪು ಮಡಕೆಗಳ ಬೃಹತ್ ಶಿಲಾಗೋರಿಯ ಜನ, ಅವರ ಕೆಳಗೆ ಕಲ್ಲುಕೊಡಲಿಯ ಜನ. ಈ ಕಲ್ಲುಕೊಡಲಿಯವರು ಕ್ರಿ.ಪೂ. 1000ದ ಸುಮಾರಿಗೆ ಬಂದವರೆಂದು ವೀಲರ್ ಎಣಿಸಿದ್ದರು. ರೇಡಿಯೋಕಾರ್ಬನ್ ಬಂದ ಮೇಲೆ ಅವರ ಆರಂಭ ಕ್ರಿ.ಪೂ. ಮೂರನೆಯ ಸಹಸ್ರಮಾನಕ್ಕೆ ಸರಿಯಿತು. ಕಾಲ ಬದಲಾಯಿತು, ಬೋಕಿಗಳ ಮೇಲು-ಕೆಳಗಿನ ಕ್ರಮ ಬದಲಾಗಲಿಲ್ಲ. ಯಾರೋ ಪದರ ಕೆಡಿಸದೆ ಅಗೆದಿದ್ದರು, ಅದಕ್ಕೆ.

ಅದೇ ಕಪ್ಪು-ಕೆಂಪು ಮಡಕೆಗಳಿಗಾಗಿ ತುಂಗಭದ್ರೆಯ ದಡಕ್ಕೂ ಹೋಗಬಹುದು. ಒಳಗೂ ಬಾಯಂಚೂ ಕಪ್ಪು, ಹೊರಮೈ ಕೆಂಪು. ಬೋರಲು ಹಾಕಿ, ಬಾಯನ್ನು ಬೂದಿ-ಹೊಟ್ಟಿನಲ್ಲಿ ಹೂತು ಸುಟ್ಟರೆ ಒಂದೇ ಉರಿಯಲ್ಲಿ ಎರಡೂ ಬಣ್ಣ ಬರುತ್ತವೆ. ಬಯಲ ಆವಿಗೆಯಲ್ಲಿ ಗಾಳಿಗೆ ಹೆದರಿ ಓಡಿದ ನಿಮಗೆ ಇದೆಂಥ ಹಿಡಿತ ಎಂಬುದು ಗೊತ್ತಾಗುತ್ತದೆ. ಆನೆಗೊಂದಿಯ ಸಮೀಪದ ಕಡೆಬಾಕಲೆಯಲ್ಲಿ ಕಬ್ಬಿಣಯುಗದ ನೆಲೆಯನ್ನು 2003ರಿಂದ ಕಾರ್ಲಾ ಸಿನೊಪೊಲಿ, ಕ್ಯಾಥ್ಲೀನ್ ಮಾರಿಸನ್ ರಾಜ್ಯದ ಪುರಾತತ್ವ ಇಲಾಖೆಯೊಂದಿಗೆ ಅಗೆದರು. ಸಿನೊಪೊಲಿ ಅದಕ್ಕೂ ಮೊದಲು ವಿಜಯನಗರದ ಅರಮನೆ ವಠಾರದ ಮಡಕೆಗಳನ್ನೇ ಓದಿ 1993ರಲ್ಲಿ ಪುಸ್ತಕ ಮಾಡಿದವರು. ಹಂಪಿಗೆ ಬಂದವರು ಕಲ್ಲಿನ ರಥದ ಮುಂದೆ ನಿಂತು ಹೋಗುತ್ತಾರೆ, ಸಾಮ್ರಾಜ್ಯ ಉಂಡ ಮಡಕೆಯ ಚೂರು ಅವರ ಕಾಲಡಿಯಲ್ಲೇ ಇರುತ್ತದೆ.

ಅದೇ ನನ್ನನ್ನು ಕಾಡುವ ಸಂಗತಿ. ಬೂದಿ ಒಳ್ಳೆಯ ಗೊಬ್ಬರವೆಂದು ಎಷ್ಟೋ ದಿಬ್ಬಗಳು ಗಾಡಿಗಟ್ಟಲೆ ಹೊಲ ಸೇರಿವೆ. ಸಂಗನಕಲ್ಲು-ಕಪ್ಪಗಲ್ಲು ಗುಡ್ಡಗಳನ್ನು ಕಲ್ಲುಕ್ವಾರಿ ತಿಂದಿದೆ. ಅದಿರು ಬೇಕು, ರಸ್ತೆ ಬೇಕು, ಗೊಬ್ಬರ ಬೇಕು, ಯಾರೂ ಬೇಡವೆನ್ನುತ್ತಿಲ್ಲ. ಆದರೆ ಅಗೆಯುವ ಮುಂಚೆ ಒಂದು ದಿನ, ತಿಳಿದವರೊಬ್ಬರು ನೆಲ ನಡೆದು ನೋಡುವುದು ಯಾವ ಕೆಲಸಕ್ಕೂ ಭಾರವಲ್ಲ. ಜೆಸಿಬಿಯ ಒಂದು ಬಕೆಟ್ಟು ಎತ್ತುವಷ್ಟು ಹೊತ್ತಿನಲ್ಲಿ ನಾಲ್ಕು ಸಾವಿರ ವರ್ಷದ ಪದರಗಳು ಕಲಸಿಹೋಗುತ್ತವೆ. ಆಮೇಲೆ ಯಾವ ಪಂಡಿತರೂ ಅವನ್ನು ಬಿಡಿಸಿಕೊಡಲಾರರು.

ಆದ್ದರಿಂದ, ಕುರೆಕುಪ್ಪ, ಕುಡತಿನಿ, ದರೋಜಿ, ಕಂಪ್ಲಿ, ಸಂಡೂರು ಸೀಮೆಯ ಓದುಗರೇ, ನಿಮ್ಮಲ್ಲೊಂದು ಕೇಳಿಕೆ. ಪಾಯ ತೆಗೆಯುವಾಗ, ಬಾವಿ ತೋಡುವಾಗ, ಹೊಲ ಹರಗುವಾಗ ಮಡಕೆಯ ಬಾಯಂಚು ಕಂಡರೆ ಗುದ್ದಲಿ ಕೆಳಗಿಡಿ. ಎತ್ತಬೇಡಿ, ತೊಳೆಯಬೇಡಿ. ಪಕ್ಕದಲ್ಲಿ ಅಳತೆಗೆ ಒಂದು ಪೆನ್ನಿಟ್ಟು ಮೊಬೈಲಿನಲ್ಲಿ ಫೋಟೊ ತೆಗೆಯಿರಿ, ಜಾಗ ಬರೆದಿಟ್ಟುಕೊಳ್ಳಿ, ತಹಶೀಲ್ದಾರರ ಕಚೇರಿಗೋ ಪುರಾತತ್ವ ಇಲಾಖೆಗೋ ತಿಳಿಸಿ. ಬಳ್ಳಾರಿಯಲ್ಲಿ ಫೂಟ್ ಹೆಸರಿನ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯವಿದೆ. ಮಕ್ಕಳನ್ನು ಕರೆದುಕೊಂಡು ಹೋಗಿ, ನಿಮ್ಮ ಹೊಲದ ಚೂರು ಯಾವ ಕಾಲದ್ದಿರಬಹುದೆಂದು ಅಲ್ಲಿ ಹೋಲಿಸಿ ನೋಡಿ.